ಪೋಷಕರ ಶೈಲಿಯು ಮಕ್ಕಳನ್ನು ಎಂಥ ಗ್ರಾಹಕರನ್ನಾಗಿ ರೂಪಿಸುತ್ತದೆ?
ಕೊಡಿಸುವಾಗಲೂ ನಿರಾಕರಿಸುವಾಗಲೂ ಪೋಷಕರು ಕಾರಣವನ್ನು ಎಷ್ಟು ವಿವರಿಸುತ್ತಾರೆ ಎಂಬುದರ ಮೇಲೆ ಮಗು ಎಂಥ ಗ್ರಾಹಕನಾಗುತ್ತದೆ ಎಂಬುದು ಬಹುಮಟ್ಟಿಗೆ ನಿಂತಿದೆ. ಮನಶ್ಶಾಸ್ತ್ರಜ್ಞೆ ಡಯಾನಾ ಬಾಮ್‌ರಿಂಡ್ 1960ರ ದಶಕದಲ್ಲಿ ಗುರುತಿಸಿದ ಪೋಷಣಾ ಶೈಲಿಗಳಲ್ಲಿ, ಮಿತಿಯನ್ನೂ ಹಾಕಿ ಮಗುವಿನ ಮಾತನ್ನೂ ಆಲಿಸುವ ಪೋಷಕರು ಖರೀದಿಯ ಬಗ್ಗೆ ಮಕ್ಕಳೊಡನೆ ಹೆಚ್ಚು ಚರ್ಚಿಸುತ್ತಾರೆ. ಬೆಲೆ, ಅಗತ್ಯ, ಗುಣಮಟ್ಟಗಳನ್ನು ತೂಗಿನೋಡುವ ಕ್ರಮ ಮಗುವಿಗೆ ದಕ್ಕುವುದು ಮುಖ್ಯವಾಗಿ ಆ ಚರ್ಚೆಯಿಂದ. ಏಳೆಂಟು ವರ್ಷದೊಳಗಿನ ಮಕ್ಕಳಿಗೆ ಜಾಹೀರಾತಿನ ಉದ್ದೇಶವು ಕೊಳ್ಳುವಂತೆ ಮನವೊಲಿಸುವುದು ಎಂಬುದು ಸಾಮಾನ್ಯವಾಗಿ ಸ್ಪಷ್ಟವಾಗಿ ತಿಳಿಯದ ಕಾರಣ, ಪಕ್ಕದಲ್ಲಿ ಕುಳಿತು ‘ಇದನ್ನು ಯಾರು, ಏಕೆ ಹೇಳುತ್ತಿದ್ದಾರೆ?’ ಎಂದು ಕೇಳುವ ಹಿರಿಯರು, ನನ್ನ ದೃಷ್ಟಿಯಲ್ಲಿ, ಆ ವಯಸ್ಸಿನಲ್ಲಿ ಅತ್ಯಗತ್ಯ. ಬರೀ ‘ಬೇಡ’ ಎನ್ನುವ ಕಟ್ಟುನಿಟ್ಟು ಖರ್ಚನ್ನು ತಡೆದೀತೇ ಹೊರತು ಆಯ್ಕೆಯ ವಿವೇಕವನ್ನು ಕಲಿಸದು. ಕೇಳಿದ್ದನ್ನೆಲ್ಲ ಕೊಡಿಸಿದರೆ ಹಟ ಹಿಡಿದರೆ ಸಿಗುತ್ತದೆ ಎಂಬುದನ್ನೇ ಮಗು ಕಲಿಯುತ್ತದೆ. ಮಗುವಿನ ಸ್ವಭಾವ ಮತ್ತು ಗೆಳೆಯರ ಪ್ರಭಾವವೂ ಇದರೊಡನೆ ಸೇರಿಕೊಳ್ಳುತ್ತವೆ.