ಹೊಸ ಟೆರೇಸಿಗೆ ಈಗ್ಲೇ ಶೀಟ್ ಬೇಕಾ?
ಕಾಸರಗೋಡಿನ ಬದಿಯಡ್ಕದಲ್ಲಿ ಹೊಸ ಮನೆ ಟೆರೇಸಿಗೆ ಮಳೆಗಾಲದ ಮೊದಲೇ ಶೀಟಿನ ಚಾವಣಿ ಹಾಕ್ಬೇಕಾ ಅಂತ ಕೇಳಿದ್ರಲ್ಲ, ಅಷ್ಟು ಅರ್ಜೆಂಟ್ ಇಲ್ಲ ಮಾರಾಯ್ರೆ. ನಮ್ಮ ಕಡೆ ವರ್ಷಕ್ಕೆ 3000 ಮಿಲಿಮೀಟರ್ ಮೇಲೆ ಮಳೆ, ಅದ್ರಲ್ಲಿ ಟೆರೇಸ್ ಮೇಲೆ ಕಟ್ಟಿ ನಿಲ್ಲುವ ನೀರೇ ಡೇಂಜರ್. ಮೇಲೆ ಹೋಗಿ ನಾಲ್ಕು ಕೊಡ ನೀರು ಹೊಯ್ದು ನೋಡಿ, ಪೈಪಿನ ಕಡೆ ಹೋಗದೆ ಎಲ್ಲಿ ನಿಲ್ತದೋ ಅಲ್ಲಿ ಚಾಕ್‌ಪೀಸಲ್ಲಿ ಗುರುತು ಹಾಕಿ ಮೇಸ್ತ್ರಿ ಹತ್ರ ಸ್ಲೋಪ್ ಸರಿ ಮಾಡಿಸಿ, 1 ಮೀಟರಿಗೆ 1 ಸೆಂಟಿಮೀಟರ್ ಆದ್ರೂ ಇಳಿಜಾರು ಬೇಕು. ಮೇ ಕೊನೆಗೆ ತರಗೆಲೆ ಗುಡಿಸಿ, ಪೈಪಿನ ಬಾಯಿಗೆ ಜಾಲರಿ. ಪಾಚಿಯನ್ನು ಬ್ರಶ್ಶಲ್ಲಿ ಉಜ್ಜಿ, ಕತ್ತಿಯಲ್ಲಿ ಕೆರೆದ್ರೆ ಸಿಮೆಂಟೂ ಎದ್ದು ಬರ್ತದೆ. ಅಡಿಕೆ ಒಣಗಿಸ್ಲಿಕ್ಕೆ ಅಂತ ಮುಂದೆ ಶೀಟ್ ಹಾಕುವುದಾದ್ರೆ (ಹಾಕಿಯೇ ಹಾಕ್ತೀರಿ, ಗೊತ್ತುಂಟು) ಬೋಲ್ಟಿಗೆ ಕೊರೆದ ತೂತುಗಳನ್ನು ಅವತ್ತೇ ಸೀಲ್ ಮಾಡಿಸಿ.