ಓದುಗರ ಪ್ರಶ್ನೆ: ಕೆರೆ ಏರಿಯ ಶಾಸನ ಮುರಿದಿದೆ, ಏನು ಮಾಡಲಿ?

ಪ್ರಶ್ನೆ: ನಮ್ಮೂರು ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನಲ್ಲಿದೆ. ಕೆರೆ ಏರಿಯ ಮೇಲೆ ಎದೆಮಟ್ಟದ ಶಾಸನದ ಕಲ್ಲೊಂದಿತ್ತು. ತಲೆಯಲ್ಲಿ ಸೂರ್ಯ, ಚಂದ್ರ, ಹಸು, ಕರು. ಪಕ್ಕದಲ್ಲಿದ್ದ ಕಬ್ಬಿಣದ ಫಲಕವನ್ನು ಹೋದ ವರ್ಷ ಯಾರೋ ಕಿತ್ತು ಗುಜರಿಗೆ ಹಾಕಿದರು. ಕಳೆದ ಅಮಾವಾಸ್ಯೆಯ ರಾತ್ರಿ ಕಲ್ಲಿನ ಬುಡವನ್ನೇ ಅಗೆದಿದ್ದಾರೆ. ಕಲ್ಲು ಎರಡು ತುಂಡಾಗಿದೆ, ಕೆಳತುಂಡು ಕಾಣೆಯಾಗಿದೆ. ಉಳಿದದ್ದನ್ನು ಗುಡಿಯ ಮುಂದೆ ನೆಟ್ಟು ಸುಣ್ಣ ಬಳಿಯೋಣ ಎಂದು ಹಿರಿಯರು ಹೇಳುತ್ತಿದ್ದಾರೆ.

ಉತ್ತರ: ಸುಣ್ಣವನ್ನು ಮೊದಲು ದೂರ ಇಡಿಸಿ. ಎಣ್ಣೆ, ಕುಂಕುಮ, ತಂತಿ ಬ್ರಷ್ ಯಾವುದೂ ಬೇಡ. ಫಲಕವನ್ನು ಮತ್ತೆ ಬರೆಸಬಹುದು, ಕಲ್ಲನ್ನು ಬರೆಸಲಾಗದು.

ಶಾಸನದ ಕೆಳಗೆ ಕೊಪ್ಪರಿಗೆ ಹೊನ್ನು ಇದೆ ಎಂಬ ಮಾತು ನಮ್ಮ ಸೀಮೆಯಲ್ಲಿ ಹಳೆಯದು. ನಲವತ್ತು ವರ್ಷಗಳಿಂದ ಕಲಬುರಗಿ, ಬೀದರ್, ಯಾದಗಿರಿಯ ಊರೂರು ಅಲೆದು ಕಲ್ಲು ಓದಿದ್ದೇನೆ. ನೀವು ಹೇಳುವಂಥದ್ದು ಸಾಮಾನ್ಯವಾಗಿ ದಾನದ ಕಲ್ಲು: ಯಾವ ದೇವರಿಗೆ, ಯಾವ ಕೆರೆಗೆ ಎಷ್ಟು ಮತ್ತರು (ಹಳೆಯ ಕಾಲದ ಭೂಮಿಯ ಅಳತೆ) ಭೂಮಿ ಬಿಟ್ಟರು ಎಂಬ ಪತ್ರ. ಭೂಮಿಯ ಎಲ್ಲೆ, ದಾನವನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆ ಹಸುವನ್ನು ಕೊಂದ ಪಾಪ ಬರಲಿ ಎಂಬ ಶಾಪ, ಎರಡೂ ಇರುವುದು ಕೊನೆಯ ಸಾಲುಗಳಲ್ಲಿ. ಕೆಳತುಂಡೇ ಹೋಯಿತೆಂದು ಓದಿ ಹೊಟ್ಟೆ ಉರಿಯಿತು.

ಕಲ್ಲಿನಲ್ಲಿ ಏನಿದೆ ಎಂದು ಊರಿಗೆ ಗೊತ್ತಿರಬೇಕು. ಚಿತ್ತಾಪುರ ತಾಲ್ಲೂಕಿನ ಒಂದು ಮನೆಯಲ್ಲಿ ಶಾಸನದ ತುಂಡು ದನದ ಕೊಟ್ಟಿಗೆಯ ಹೊಸ್ತಿಲಾಗಿತ್ತು. ಸಂಜೆ ಅದರ ಮೇಲೆ ಒಂದು ತಂಬಿಗೆ ನೀರು ಚೆಲ್ಲಿ, ಬ್ಯಾಟರಿಯ ಬೆಳಕನ್ನು ಓರೆಯಾಗಿ ಬಿಟ್ಟೆ. ‘ಮತ್ತರು ಪನ್ನೆರಡು’ ಎಂಬಷ್ಟು ಮೂಡಿತು. ‘ಅಂದರೆ ಎಷ್ಟು ಎಕರೆ?’ ಎಂದು ಯಜಮಾನರು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತರು. ಮರುದಿನ ಹೋದಾಗ ಹೊಸ್ತಿಲನ್ನು ತಾವೇ ಕಿತ್ತು ಜಗುಲಿಗೆ ಒರಗಿಸಿದ್ದರು.

ಗುಡಿಯ ವಿಚಾರದಲ್ಲಿ ಹಿರಿಯರಿಗೆ ಕಲಬುರಗಿ ಜಿಲ್ಲೆಯ ಸನ್ನತಿಯ ಸಂಗತಿ ಹೇಳಿ. ಅಲ್ಲಿ ಅಶೋಕನ ಶಾಸನವಿದ್ದ ಕಲ್ಲನ್ನು ಕಾಳಿಯ ವಿಗ್ರಹಕ್ಕೆ ಪೀಠ ಮಾಡಿ, ನಡುವೆ ಕುಳಿ ಕೊರೆದಿದ್ದರು. ಅಷ್ಟು ಅಕ್ಷರಗಳು ಹೋದವು. 1986ರಲ್ಲಿ ಗುಡಿಯ ಚಾವಣಿ ಕುಸಿದ ಮೇಲೆಯೇ ಉಳಿದವು ಕಣ್ಣಿಗೆ ಬಿದ್ದದ್ದು. ಕೆಡಿಸಿದವರು ಕಳ್ಳರಲ್ಲ, ಭಕ್ತರು.

ಠಾಣೆಗೆ ಲಿಖಿತ ದೂರು ಕೊಡಿ. ನೂರು ವರ್ಷ ದಾಟಿದ ಶಾಸನ 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯಂತೆ ಪುರಾವಸ್ತು. ಪರವಾನಗಿ ಇಲ್ಲದೆ ಅದರ ವ್ಯಾಪಾರ ಅಪರಾಧ. ದೂರಿನ ಪ್ರತಿ ತಹಶೀಲ್ದಾರರಿಗೂ ರಾಜ್ಯ ಪುರಾತತ್ವ ಇಲಾಖೆಗೂ ಹೋಗಲಿ. ಕಲ್ಲು ಇಡಿಯಾಗಿ ಕಾಣುವ ಹಳೆಯ ಫೋಟೊ ಹುಡುಕಿ. ಮದುವೆ ಮೆರವಣಿಗೆಯದೋ ಶಾಲೆಯ ಮಕ್ಕಳದೋ ಯಾರ ಮೊಬೈಲಿನಲ್ಲಾದರೂ ಇದ್ದೀತು. ಮೈಸೂರಿನಲ್ಲಿರುವ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಶಾಸನ ವಿಭಾಗಕ್ಕೂ ಊರಿನ ಹೆಸರು ಬರೆದು ಕೇಳಿ. ಹಿಂದೆಂದಾದರೂ ಕಾಗದದ ಮೇಲೆ ಅಚ್ಚು ತೆಗೆದಿದ್ದರೆ ಪಾಠವಾದರೂ ಉಳಿದಿರುತ್ತದೆ.

ಕೆಳತುಂಡು ದೂರ ಹೋಗಿರಲಿಕ್ಕಿಲ್ಲ. ಹೊನ್ನು ಸಿಗದ ಸಿಟ್ಟಿಗೆ ಕಲ್ಲನ್ನು ಕೆರೆಗೆ ಉರುಳಿಸಿದ್ದನ್ನು ಎರಡು ಊರುಗಳಲ್ಲಿ ಕಂಡಿದ್ದೇನೆ. ನೀರು ಇಳಿದಾಗ ಏರಿಯ ಒಳಮೈಯಲ್ಲಿ ಹುಡುಕಿಸಿ. ಅಲ್ಲಿಯವರೆಗೆ ಮೇಲ್ತುಂಡು ಪಂಚಾಯಿತಿ ಕಚೇರಿಯ ಒಳಗಿರಲಿ, ಸಿಮೆಂಟಿನಲ್ಲಿ ನೆಡಬೇಡಿ.