ಜಂತೆಯಲ್ಲಿ ಗಂಟು: ಎಲ್ಲಿದೆ ಅನ್ನೋದು ಮುಖ್ಯ

ಚಾವಣಿಗೆ ತಂದ ಮರದ ಜಂತೆಗಳಲ್ಲಿ (ಭಾರ ಹೊರೋ ಅಡ್ಡ ತೊಲೆಗಳಲ್ಲಿ) ಎರಡಕ್ಕೆ ದೊಡ್ಡ ಗಂಟಿದೆ, ಅಂದರೆ ಕೊಂಬೆ ಹುಟ್ಟಿದ್ದ ಜಾಗದ ಗುರುತಿದೆ, ವಾಪಸ್ ಕೊಡಲಾ ಅಂತ ಕೇಳಿದ್ದೀರಿ. ಗಾತ್ರದ ಜೊತೆ ಗಂಟು ಕೂತಿರೋ ಜಾಗವನ್ನೂ ನೋಡಿ. ಭಾರ ಬಿದ್ದಾಗ ಜಂತೆಯ ಮೇಲಂಚು ಒತ್ತಿಕೊಳ್ಳುತ್ತೆ, ಕೆಳ ಅಂಚು ಎಳೆದುಕೊಳ್ಳುತ್ತೆ. ಹಾಗಾಗಿ ಉದ್ದದ ನಡುವೆ, ಕೆಳ ಅಂಚಿಗೇ ದೊಡ್ಡ ಗಂಟು ಬರೋದಾದರೆ ಬೇಡವೇ ಬೇಡ. ಸೀಳು ಶುರುವಾಗೋದೇ ಅಲ್ಲಿಂದ. ಎರಡು ಅಂಚುಗಳ ಮಧ್ಯದಲ್ಲಿರೋ ಸಣ್ಣ, ಬಿಗಿಯಾದ ಗಂಟು ಅಷ್ಟು ಕಾಡಲ್ಲ. ಸುತ್ತ ಕಪ್ಪು ಉಂಗುರವಿದ್ದು, ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದಾಗ ಅಲುಗಿದರೆ ಅದು ಸತ್ತ ಗಂಟು, ತೂತು ಅಂತಲೇ ಲೆಕ್ಕ ಹಾಕಿ. ಗಂಟಿನ ಪಕ್ಕದಲ್ಲಿ ಮರದ ಎಳೆ ಓರೆಯಾಗಿ ಅಂಚಿಗೆ ಹಾಯ್ದಿದೆಯಾ? ನನಗೆ ಗಂಟಿಗಿಂತ ಅದರದ್ದೇ ಭಯ. ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿ, ಸ್ವಲ್ಪ ಡೊಂಕಿದ್ದರೆ ಉಬ್ಬು ಮೇಲೆ ಬರೋ ಹಾಗೆ ಕೂರಿಸಿ. ಗಂಟಿನ ಫೋಟೋ ಹಾಕಿ, ಅಳತೆಪಟ್ಟಿ ಪಕ್ಕದಲ್ಲಿಟ್ಟು.